ಮಾಸ್ಟರ್ ಕಳಿಸಿಯಾಯಿತು, ಇನ್ನು ಋಣದ ಲೆಕ್ಕ

ಸಂದರ್ಶನ, ಕುಣಿತ ಎರಡೂ ಇರುವ, ನಾನು ಎಡಿಟ್ ಮಾಡಿದ ಚಿತ್ರದ ಮಾಸ್ಟರ್ ಫೈಲ್ (ಕೊನೆಯದಾಗಿ ಒಪ್ಪಿಸುವ ಫೈಲ್) ಕ್ವಾಲಿಟಿ ಚೆಕ್‌ನಲ್ಲಿ ಪಾಸಾಗಿ ಬಂದಿದೆ. ಯಾವ ಚಿತ್ರ, ಎಲ್ಲಿ ನಿಂತಿತ್ತು, ಮತ್ತೆ ಹೇಗೆ ಎದ್ದಿತು ಎಂಬುದೆಲ್ಲ ಇದನ್ನು ಓದುವವರಿಗೆ ಗೊತ್ತಿದೆ, ಅದನ್ನು ಬಿಡುತ್ತೇನೆ. ನೋಡಿದವರು ಎಡಿಟಿಂಗ್ ಸ್ಟೈಲ್ ಹೊಗಳುತ್ತಿದ್ದೀರಿ. ಜಂಪ್ ಕಟ್ (ಒಂದೇ ಶಾಟಿನ ನಡುವೆ ಜಿಗಿಯುವ ಕಟ್) ಹಿಡಿಸಿತು, ಕುಣಿತದ ಭಾಗದಲ್ಲಿ ವೇಗ ಏರಿಳಿಸುವ ಸ್ಪೀಡ್ ರ‍್ಯಾಂಪ್ ಹಿಡಿಸಿತು ಅಂತ. ಖುಷಿಯಾಯಿತು. ಆದರೆ ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್ ಮೇಲೆ ಒಂದು ಕಟ್ ಹೊಳೆಯುವುದು ಒಂದು ಕೆಲಸ, ಅದೇ ಕಟ್ ಒಂದು ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ಕೂಡ ಆಚೀಚೆ ಆಗದೆ ಪರದೆಗೆ ಬರುವುದು ಇನ್ನೊಂದು ಕೆಲಸ. ಎರಡನೆಯದನ್ನು ಮಾಡಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಈ ಬರಹ ಮುಖ್ಯವಾಗಿ ಅವರಿಗೆ.

ಮೊದಲು ನಿರ್ದೇಶಕರು, ನಿರ್ಮಾಪಕರು, ಪ್ರೊಡಕ್ಷನ್‌ನ ಹುಡುಗರು, ಫೋನ್ ಎತ್ತದ ದಿನಗಳನ್ನು ಸಹಿಸಿಕೊಂಡ ಮನೆಯವರು: ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ನಮ್ಮ ಅಸಿಸ್ಟೆಂಟ್ ಎಡಿಟರ್. ಟೈಟಲ್ ಕಾರ್ಡಿನಲ್ಲಿ ಹೆಸರಿದೆ, ಇಲ್ಲಿ ಬೇಡ ಅಂದಿದ್ದಾರೆ. ಅವರು ಎಂದಷ್ಟೇ ಬರೆಯುತ್ತೇನೆ.

ಅಸಿಸ್ಟೆಂಟ್ ಅಂದರೆ ಕ್ಯಾಮೆರಾದ ಮೆಮೊರಿ ಕಾರ್ಡ್ ಕಾಪಿ ಮಾಡುವವರು ಅಂತ ಹೊರಗಿನವರ ಎಣಿಕೆ. ಕಾಪಿ ಮಾಡುವುದರಲ್ಲೇ ಎಷ್ಟಿದೆ ನೋಡಿ. ಎಳೆದು ತಂದು ಹಾಕಿದ ಫೈಲಿನ ಗಾತ್ರ ಮೂಲದಷ್ಟೇ ಇರಬಹುದು, ಒಳಗೆ ಒಂದು ಬೈಟ್ ಕೆಟ್ಟಿರಬಹುದು. ಗಾತ್ರ ನೋಡಿದರೆ ಅದು ತಿಳಿಯುವುದಿಲ್ಲ. ಅದಕ್ಕೇ ಅವರು ಪ್ರತಿ ಕಾರ್ಡನ್ನೂ ಚೆಕ್‌ಸಮ್ (ಫೈಲಿನ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ತಾಳೆ ನೋಡುವ ಸಾಫ್ಟ್‌ವೇರ್‌ನಲ್ಲೇ ಇಳಿಸಿದರು. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಡಿಸ್ಕು, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಮೂರೂ ತಾಳೆಯಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಲಿಲ್ಲ, ಕ್ಯಾಮೆರಾ ತಂಡ ಎಷ್ಟೇ ಅವಸರ ಮಾಡಿದರೂ.

ಆಮೇಲೆ ಹೆಸರಿಡುವ ಕೆಲಸ. ಹಲವು ಕ್ಯಾಮೆರಾಗಳು ಕಾರ್ಡ್ ಫಾರ್ಮ್ಯಾಟ್ ಮಾಡಿದ ಕೂಡಲೇ ಸಿ0001 ಅಂತ ಮತ್ತೆ ಒಂದರಿಂದ ಶುರು ಮಾಡುತ್ತವೆ. ಹತ್ತು ಕಾರ್ಡ್ ಇಳಿಸಿದರೆ ಒಂದೇ ಹೆಸರಿನ ಹತ್ತು ಕ್ಲಿಪ್. ಎಡಿಟ್ ಮಾಡುವಾಗ ತೊಂದರೆ ಕಾಣುವುದಿಲ್ಲ. ಕೊನೆಗೆ ಪ್ರಾಕ್ಸಿ (ಎಡಿಟ್‌ಗೆಂದು ಮಾಡಿಕೊಂಡ ಹಗುರ ಪ್ರತಿ) ತೆಗೆದು ಮೂಲ ಫೈಲ್ ಜೋಡಿಸುವಾಗ ಸಾಫ್ಟ್‌ವೇರ್ ಕಣ್ಣಿಗೆ ಬಿದ್ದ ಮೊದಲ ಸಿ0001 ಅನ್ನು ಎತ್ತಿಕೊಂಡು ಕೂತುಬಿಡುತ್ತದೆ. ಅವರು ಮೊದಲ ದಿನವೇ ಪ್ರತಿ ಕಾರ್ಡಿಗೂ ರೀಲ್ ಸಂಖ್ಯೆ ಕೊಟ್ಟು, ಅದನ್ನು ಫೋಲ್ಡರ್ ಹೆಸರಿನಲ್ಲೂ ಕ್ಲಿಪ್ಪಿನ ಮೆಟಾಡೇಟಾದಲ್ಲೂ ಬರೆದರು. ಪ್ರಾಕ್ಸಿ ಮಾಡುವಾಗ ಮೂಲದಲ್ಲಿ ಎಷ್ಟು ಆಡಿಯೋ ಚಾನೆಲ್ ಇದೆಯೋ ಅಷ್ಟನ್ನೇ ಉಳಿಸಿದರು, ಇಲ್ಲದಿದ್ದರೆ ಪ್ರಾಕ್ಸಿ ಅಂಟುವುದೇ ಇಲ್ಲ. ಫೋನಿನಲ್ಲಿ ತೆಗೆದ ತುಣುಕುಗಳ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು) ಕ್ಷಣಕ್ಕೊಮ್ಮೆ ಏರಿಳಿಯುವುದರಿಂದ ಅವನ್ನು ಮೊದಲೇ ಸ್ಥಿರ ಫ್ರೇಮ್ ರೇಟಿಗೆ ಬದಲಿಸಿದರು. ಆ ಒಂದು ಹೆಜ್ಜೆ ಬಿಟ್ಟಿದ್ದರೆ ಮಾತು ಒಂದು ಕಡೆ, ತುಟಿ ಇನ್ನೊಂದು ಕಡೆ.

ಇನ್ನೊಂದು ಸಣ್ಣ ಕೆಲಸ ಮಾಡಿದ್ದರು. ಲಾಗ್ ಶೀಟಿನ ಒಂದು ಮೂಲೆಯಲ್ಲಿ ಫ್ರೇಮ್ ರೇಟ್ ಬರೆದಿಟ್ಟಿದ್ದರು: "ಮೂರನೇ ಕ್ಯಾಮೆರಾ 24.00, ಉಳಿದ ಎರಡು 23.976." ಆಗ ಅದನ್ನು ಯಾರೂ ಎರಡನೇ ಸಲ ಓದಲಿಲ್ಲ.

ಮಾಸ್ಟರ್ ಕಳಿಸುವ ಹಿಂದಿನ ರಾತ್ರಿ ನಮ್ಮನ್ನು ಉಳಿಸಿದ್ದು ಆ ಸಾಲು. ಕಲರ್ (ಬಣ್ಣ ತಿದ್ದುವ ಕೆಲಸ) ಮುಗಿದ ಟೈಮ್‌ಲೈನ್ ಮೇಲೆ ನಮ್ಮ ಲಾಕ್ ಆದ, ಅಂದರೆ ಇನ್ನು ಬದಲಾಗದ ಎಡಿಟ್‌ನ ರೆಫರೆನ್ಸ್ ವಿಡಿಯೋ ಇಟ್ಟು, ಬ್ಲೆಂಡ್ ಮೋಡನ್ನು ಡಿಫರೆನ್ಸ್‌ಗೆ (ಎರಡರ ವ್ಯತ್ಯಾಸ ಮಾತ್ರ ತೋರಿಸುವ ಕ್ರಮಕ್ಕೆ) ಹಾಕಿ ನೋಡುವುದು ವಾಡಿಕೆ. ಎರಡೂ ಒಂದೇ ಆಗಿದ್ದರೆ ಪರದೆ ಹೆಚ್ಚುಕಡಿಮೆ ಕಪ್ಪು. ಕಲರ್ ಬದಲಾಗಿರುವುದರಿಂದ ಪೂರ್ತಿ ಕಪ್ಪಾಗುವುದಿಲ್ಲ, ಮಸುಕು ಬೂದು ಬಣ್ಣ ಉಳಿಯುತ್ತದೆ. ಆದರೆ ಫ್ರೇಮ್ ಹೊಂದದಿದ್ದರೆ ಅಲುಗಾಡುವ ವಸ್ತುಗಳ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಅವತ್ತು ಮೂರನೇ ಕ್ಯಾಮೆರಾದ ಹೆಚ್ಚಿನ ಶಾಟುಗಳಲ್ಲಿ ಗೆರೆ. ಒಂದರಲ್ಲಿ ಎರಡು ಫ್ರೇಮ್ ತಪ್ಪು, ಮುಂದಿನದರಲ್ಲಿ ಹದಿನಾಲ್ಕು, ಅದರ ಪಕ್ಕದಲ್ಲಿ ಒಂದು. ಎಲ್ಲವೂ ಒಂದೇ ಅಳತೆಗೆ ಜಾರಿದ್ದರೆ ಒಟ್ಟಿಗೆ ಸರಿಸಬಹುದಿತ್ತು. ಇಲ್ಲಿ ಹಿಡಿತಕ್ಕೆ ಸಿಗುವ ಲೆಕ್ಕವೇ ಕಾಣಲಿಲ್ಲ.

ಲೆಕ್ಕ ಹಿಡಿದವರು ಅವರೇ. ಎಡಿಟಿಂಗ್ ಸಾಫ್ಟ್‌ವೇರ್ 24ರ ಕ್ಲಿಪ್ಪನ್ನು 23.976ರ ಟೈಮ್‌ಲೈನಿನಲ್ಲಿ ಅದರದೇ ವೇಗದಲ್ಲಿ ಓಡಿಸಿತ್ತು, ಅಂದರೆ ಹೆಚ್ಚುಕಡಿಮೆ ಪ್ರತಿ ಸಾವಿರ ಫ್ರೇಮಿಗೆ ಒಂದನ್ನು ಸದ್ದಿಲ್ಲದೆ ಬಿಡುತ್ತ ಹೋಗಿತ್ತು. ಕಲರ್ ಕಡೆಯ ಸಾಫ್ಟ್‌ವೇರ್ ಅದೇ ಕ್ಲಿಪ್ಪನ್ನು ಫ್ರೇಮಿಗೆ ಫ್ರೇಮ್ ಎಣಿಸಿತ್ತು. ಹಾಗಾಗಿ ಒಂದು ಶಾಟ್ ತನ್ನ ಕ್ಲಿಪ್ಪಿನ ತಲೆಯಿಂದ ಎಷ್ಟು ದೂರದಲ್ಲಿ ಶುರುವಾಗುತ್ತದೋ ಅಷ್ಟು ತಪ್ಪು. ಹತ್ತು ನಿಮಿಷ ಒಳಗಿನಿಂದ ತೆಗೆದ ಶಾಟ್ ಆದರೆ 14,400 ಫ್ರೇಮ್ ದಾಟಿರುತ್ತದೆ, ತಪ್ಪು 14 ಫ್ರೇಮ್. ತಲೆಯಿಂದ 42 ಸೆಕೆಂಡ್‌ಗಿಂತ ಕಡಿಮೆ ದೂರ ಇದ್ದರೆ ತಪ್ಪು ಕಾಣುವುದೇ ಇಲ್ಲ. ಕೆಲವು ಸರಿ, ಕೆಲವು ತಪ್ಪು ಇದ್ದದ್ದು ಅದಕ್ಕೇ.

ಅವರು ಒಂದು ಶೀಟ್ ತೆರೆದರು. ಶಾಟ್, ಕ್ಲಿಪ್ಪಿನ ತಲೆಯಿಂದ ದೂರ, ಸಾವಿರದಿಂದ ಭಾಗಿಸಿದರೆ ಬಂದ ಸಂಖ್ಯೆ. ಅಷ್ಟು ಫ್ರೇಮ್ ಸ್ಲಿಪ್ ಮಾಡಿ (ಕಟ್ ಅಲ್ಲೇ ಇದ್ದು ಒಳಗಿನ ಕ್ಲಿಪ್ ಮಾತ್ರ ಸರಿಸಿ), ಪ್ರತಿ ಶಾಟನ್ನೂ ಮೂರು ಕಡೆ ನೋಡುವುದು: ಮೊದಲ ಫ್ರೇಮ್, ನಡು, ಕೊನೆ. 42 ಸೆಕೆಂಡ್ ಮೀರಿದ ಶಾಟಿನ ಒಳಗೇ ಒಂದು ಫ್ರೇಮ್ ಬಿಟ್ಟುಹೋಗಿರುತ್ತದಾದ್ದರಿಂದ ತಲೆ ಸರಿಯಿದ್ದು ಬಾಲ ತಪ್ಪಬಹುದು. ಮಾತಾಡದೆ ಕೂತಿರುವ ಮುಖದ ಶಾಟಿನಲ್ಲಿ ಒಂದು ಫ್ರೇಮ್ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಗೋಡೆಯೂ ಕಪ್ಪು, ಮುಖವೂ ಕಪ್ಪು. ಅಂಥ ಕಡೆ ಅವರು ರೆಪ್ಪೆ ಮಿಟುಕುವ ಜಾಗ ಹುಡುಕುತ್ತಿದ್ದರು. ರೆಪ್ಪೆ ಮೇಲಿಂದ ಕೆಳಗೆ ಬರಲು ಬೇಕಾಗುವುದು ಎರಡೋ ಮೂರೋ ಫ್ರೇಮ್. ಹೊಂದಿಕೆ ತಪ್ಪಿದ್ದರೆ ಕಣ್ಣಿನ ಮೇಲೆ ಕೂದಲಿನಷ್ಟು ತೆಳುವಾದ ಬಿಳಿ ಗೀಟು ಒಂದು ಕ್ಷಣ ಹೊಳೆದು ಮಾಯವಾಗುತ್ತದೆ. ಅದನ್ನು ಹಿಡಿಯುವುದು, ಒಂದು ಫ್ರೇಮ್ ತಳ್ಳುವುದು, ಮುಂದಿನ ರೆಪ್ಪೆ.

ಸ್ಪೀಡ್ ರ‍್ಯಾಂಪ್‌ಗಳದ್ದು ಇನ್ನೊಂದು ಕತೆ. ಎಡಿಟ್‌ನಿಂದ ಕಲರ್‌ಗೆ ಹೋಗುವ ಕಟ್ ಪಟ್ಟಿಯ ಫೈಲ್ ಒಂದೇ ಸಮನಾದ ವೇಗವನ್ನು ಹೊತ್ತೊಯ್ಯುತ್ತದೆ, ಏರಿಳಿಯುವ ವೇಗದ ವಕ್ರರೇಖೆಯನ್ನು ನೆಟ್ಟಗೆ ದಾಟಿಸುವುದಿಲ್ಲ. ನೀವು ಹೊಗಳಿದ ಆ ರ‍್ಯಾಂಪ್‌ಗಳೆಲ್ಲ ಕಲರ್ ಟೈಮ್‌ಲೈನಿನಲ್ಲಿ ರೆಫರೆನ್ಸ್ ನೋಡಿಕೊಂಡು ವೇಗ ಬದಲಾಗುವ ಒಂದೊಂದು ಗುರುತನ್ನೂ ಇಡುತ್ತ, ಕೀಫ್ರೇಮ್ ಕೀಫ್ರೇಮಾಗಿ ಮತ್ತೆ ಕಟ್ಟಿದವು. ಕಟ್ಟಿದವರು ಅವರು.

ಬರೆಯುವಾಗ ಇದೆಲ್ಲ ಎಷ್ಟು ಅಚ್ಚುಕಟ್ಟು. ಅವತ್ತು ಹಾಗಿರಲಿಲ್ಲ. ಬೆಳಗಾದರೆ ಫೈಲ್ ಹೋಗಬೇಕು, ಹೋಗದಿದ್ದರೆ ಏನಾಗುತ್ತಿತ್ತು ಅಂತ ನಿಮಗೆ ಗೊತ್ತು. ಸಾಕಪ್ಪಾ ಸಾಕು, ಈ ಕಸುಬೇ ಬೇಡ ಅಂತ ನನಗೆ ಅನ್ನಿಸಿತ್ತು. ಗಂಟಲು ಕಟ್ಟಿ ಮಾತು ಹೊರಡುತ್ತಿರಲಿಲ್ಲ. ಅವರು ಸಮಾಧಾನ ಹೇಳಲಿಲ್ಲ, ತಿರುಗಿ ನೋಡಲೂ ಇಲ್ಲ. "ಮೂರನೇ ರೀಲ್ ಆಯ್ತು ಮೇಡಂ, ನಾಲ್ಕು ತೆಗೀರಿ" ಅಂದರು. ನಾಲ್ಕು ತೆಗೆದೆವು.

ನಿರ್ಮಾಪಕರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಬಜೆಟ್‌ನಲ್ಲಿ "ಎಡಿಟಿಂಗ್" ಅಂತ ಒಂದೇ ಸಾಲು ಬರೆದು ಕನ್‌ಫಾರ್ಮ್ (ಮೂಲ ಫೈಲಿನಲ್ಲಿ ಎಡಿಟ್ ಮತ್ತೆ ಹೊಂದಿಸುವುದು), ಟರ್ನ್‌ಓವರ್ (ಕಲರ್, ಸೌಂಡ್ ಕಡೆಗೆ ಫೈಲ್ ಒಪ್ಪಿಸುವುದು), ಆರ್ಕೈವ್ (ಕಾದಿಡುವುದು) ಎಲ್ಲವನ್ನೂ ಅದರೊಳಗೆ ತುರುಕಬೇಡಿ. ಮೂರಕ್ಕೂ ಬೇರೆ ಬೇರೆ ದಿನ, ಬೇರೆ ಬೇರೆ ಸಂಭಾವನೆ ಬರೆಯಿರಿ. ಶೂಟಿಂಗ್‌ಗೆ ಮೊದಲು ಮೂರೂ ಕ್ಯಾಮೆರಾಗಳಿಂದ ಎರಡು ನಿಮಿಷದ ಟೆಸ್ಟ್ ಕ್ಲಿಪ್ ತೆಗೆದು ಎಡಿಟ್, ಕಲರ್, ಸೌಂಡ್ ಮೂರು ಕಡೆಯೂ ಓಡಿಸಿ ನೋಡಿ. ಅರ್ಧ ದಿನದ ಕೆಲಸ. ಫ್ರೇಮ್ ರೇಟ್ ತಕರಾರು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಸ್ಟೈಲ್ ವಿಷಯಕ್ಕೆ ಬಂದರೆ, ಸಂಗೀತ ನಿರ್ದೇಶಕರ ಋಣವೂ ಇದೆ. ಬೀಟ್‌ಗೆ ಕಟ್ ಮಾಡುವುದು ಸುಲಭ ಅನ್ನುತ್ತಾರೆ. ಹಾಡಿನ ಲಯ ನಿಮಿಷಕ್ಕೆ 120 ಬೀಟ್ ಇದ್ದರೆ ನಿಜವಾಗಿ ಸುಲಭ: ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಬೀಟಿಗೆ ಸರಿಯಾಗಿ 12 ಫ್ರೇಮ್. ನಮ್ಮದು 100ರ ಲಯ, ಬೀಟಿಗೆ 14.4. ಹದಿನಾಲ್ಕು ಹದಿನಾಲ್ಕಾಗಿ ಕತ್ತರಿಸುತ್ತ ಹೋದರೆ ಹತ್ತನೇ ಬೀಟಿಗೆ ನಾಲ್ಕು ಫ್ರೇಮ್ ಮುಂದೆ ಓಡಿರುತ್ತೀರಿ, ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ಸಂಗೀತ ನಿರ್ದೇಶಕರು ಟೆಂಪೋ ಮ್ಯಾಪ್ (ಹಾಡಿನ ಲಯ ಎಲ್ಲಿ ಎಷ್ಟು ಎಂಬ ಪಟ್ಟಿ) ಜೊತೆಗೆ ಬರೀ ಕ್ಲಿಕ್ ಇರುವ ಟ್ರ್ಯಾಕ್ ಕಳಿಸಿದರು, ಮಾರ್ಕರ್‌ಗಳನ್ನು ಅದರ ಮೇಲೆ ಹಾಕಿದೆವು. ಅದರಲ್ಲೂ ಕಟ್ಟನ್ನು ಬೀಟಿನ ಮೇಲೇ ಇಟ್ಟರೆ ತಡವಾದಂತೆ ಕಾಣುತ್ತದೆ. ಒಂದೆರಡು ಫ್ರೇಮ್ ಮುಂಚೆ ಇಟ್ಟರೆ ಕೂರುತ್ತದೆ. ತಾಳ, ಹಾಡು, ಹಿನ್ನೆಲೆ ಬೇರೆ ಬೇರೆಯಾಗಿ ಕೊಟ್ಟಿದ್ದರಿಂದ ಕೊನೆಯ ಕುಣಿತದಲ್ಲಿ ತಾಳ ಮಾತ್ರ ಉಳಿಸಿ ಉಳಿದದ್ದನ್ನು ಇಳಿಸಲು ಆಯಿತು.

ಲೈಟಿಂಗ್ ತಂಡದವರು ಮಾಡಿದ ಉಪಕಾರ ಅವರಿಗೇ ಮರೆತಿರಬಹುದು. ರ‍್ಯಾಂಪ್‌ಗೆಂದು ಸೆಕೆಂಡಿಗೆ 96 ಫ್ರೇಮಿನಲ್ಲಿ ತೆಗೆಯುವಾಗ ಅಲ್ಲಿದ್ದ ಹಳೇ ದೀಪಗಳನ್ನು ಆರಿಸಿ ಫ್ಲಿಕರ್ (ಬೆಳಕಿನ ಮಿಣುಕು) ಇಲ್ಲದ ಎಲ್‌ಇಡಿ ತಂದಿಟ್ಟರು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಂಥ ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. 96ರಲ್ಲಿ ತೆಗೆದು ಕಾಲು ವೇಗಕ್ಕೆ ಇಳಿಸಿದರೆ ಆ ವ್ಯತ್ಯಾಸ ಸೆಕೆಂಡಿಗೊಮ್ಮೆ ಬೆಳಕು ಉಸಿರಾಡಿದಂತೆ ಕಾಣುತ್ತದೆ. ಫ್ಲಿಕರ್ ತೆಗೆಯುವ ಪ್ಲಗಿನ್ ಇದೆ ನಿಜ, ಕೈಕಾಲು ಜೋರಾಗಿ ಬೀಸುವ ಶಾಟಿನಲ್ಲಿ ಅದು ಅಂಚುಗಳನ್ನು ಕಲಸಿಬಿಡುತ್ತದೆ. ನಿಜವಾದ ಫ್ರೇಮ್‌ಗಳೇ ಇದ್ದುದರಿಂದ ಆಪ್ಟಿಕಲ್ ಫ್ಲೋ (ಇಲ್ಲದ ಫ್ರೇಮನ್ನು ಸಾಫ್ಟ್‌ವೇರ್ ಊಹಿಸಿ ಕಟ್ಟುವುದು) ಎಲ್ಲೂ ಬೇಕಾಗಲಿಲ್ಲ. ತೋಳು ಮೈಯ ಮುಂದೆ ಹಾದುಹೋಗುವಾಗ ಅದು ಬೆರಳುಗಳನ್ನು ಸೀಳುತ್ತದೆ, ಮಾಡಿದವರಿಗೆ ಗೊತ್ತು. ಒಂದೇ ಒಂದು ಕಡೆ ಮೋಷನ್ ಬ್ಲರ್ (ಚಲನೆಯ ಮಸುಕು) ಸೇರಿಸಿದೆವು: 96ರ ಶಾಟನ್ನು ಮಾಮೂಲಿ ವೇಗಕ್ಕೆ ತಂದಾಗ ನಾಲ್ಕರಲ್ಲಿ ಒಂದು ಫ್ರೇಮ್ ಮಾತ್ರ ಉಳಿಯುತ್ತದೆ, ಪ್ರತಿ ಫ್ರೇಮಿನ ಬ್ಲರ್ ತೀರಾ ಚಿಕ್ಕದು, ಓಟ ಕಟಕಟ ಅನ್ನುತ್ತದೆ.

ಛಾಯಾಗ್ರಾಹಕರಿಗೆ ಸಂದರ್ಶನಗಳನ್ನು ಪೂರ್ತಿ 4ಕೆ ಯಲ್ಲಿ (ಹಿಗ್ಗಿಸಿದರೂ ಒಡೆಯದಷ್ಟು ಸ್ಪಷ್ಟತೆಯಲ್ಲಿ) ತೆಗೆದುಕೊಟ್ಟದ್ದಕ್ಕೆ ಥ್ಯಾಂಕ್ಸ್. ಜಂಪ್ ಕಟ್ ಬೇಕೆಂದೇ ಮಾಡಿದ್ದು ಅನ್ನಿಸಬೇಕಾದರೆ ಎರಡು ಶಾಟಿನ ಅಳತೆಯಲ್ಲಿ ಕಾಲು ಭಾಗದಷ್ಟಾದರೂ ವ್ಯತ್ಯಾಸ ಇರಬೇಕು, ಕಣ್ಣಿನ ಎತ್ತರ ಬದಲಾಗಬಾರದು. ಐದು ಹತ್ತು ಪರ್ಸೆಂಟ್ ಹಿಗ್ಗಿಸಿದರೆ ಯಾರೋ ಕ್ಯಾಮೆರಾ ಸ್ಟ್ಯಾಂಡಿಗೆ ಎಡವಿದ ಹಾಗೆ ಕಾಣುತ್ತದೆ.

ಸೌಂಡ್ ಮಿಕ್ಸರ್, ಕಲರಿಸ್ಟ್, ಗ್ರಾಫಿಕ್ಸ್ ಮಾಡಿದವರು, ಪೋಸ್ಟರ್ ಬಿಡಿಸಿದವರು: ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆಯಬೇಕಿತ್ತು, ಆಗಲಿಲ್ಲ, ಬೈದುಕೊಳ್ಳಬೇಡಿ. ಸಂದರ್ಶನದ ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿದ ಸೌಂಡ್ ರೆಕಾರ್ಡಿಸ್ಟ್‌ಗೆ ಮಾತ್ರ ವಿಶೇಷ ನಮಸ್ಕಾರ. ಮಾತಿನ ನಡುವಿನ ಪದ ಕಿತ್ತ ಜಾಗಗಳೆಲ್ಲ ಅದರಿಂದಲೇ ತುಂಬಿದವು.

ಕನ್ನಡ ಸಬ್‌ಟೈಟಲ್ ಮಾಡಿದ ಗೆಳೆಯರು ಒಂದು ದೊಡ್ಡ ತಲೆನೋವು ಬಿಡಿಸಿದರು. ಒತ್ತಕ್ಷರ ಒಡೆದು ಅಕ್ಷರದ ಪಕ್ಕ ಬಂದು ಕೂರುತ್ತಿದ್ದರೆ ಮೊದಲು ನೋಡಬೇಕಾದ್ದು ಎರಡು: ಪಠ್ಯ ಯೂನಿಕೋಡ್‌ನಲ್ಲಿದೆಯೇ, ಸಾಫ್ಟ್‌ವೇರ್‌ನ ಟೆಕ್ಸ್ಟ್ ಎಂಜಿನ್ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದಿಸಿದೆಯೇ. ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅದು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿದೆ. ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಸಂಭಾಷಣೆಯನ್ನು ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಒಂದೊಂದನ್ನೂ ಕಣ್ಣಿಂದಲೇ ನೋಡಿದರು. ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲದಂತೆ ಸಾಲಿನ ನಡುವಿನ ಜಾಗ ಹೆಚ್ಚಿಸಿದ್ದೂ ಅವರೇ.

ರಫ್ ಕಟ್ ನೋಡಿ ಟಿಪ್ಪಣಿ ಕೊಟ್ಟವರೇ, ಟೈಮ್‌ಕೋಡ್ ಸಮೇತ ಬರೆದಿರಿ, ಅದು ದೊಡ್ಡ ಸಹಾಯ. ಹೆಚ್ಚಿನವರು ಒಂದೇ ಜಾಗ ಎಳೆಯಿತು ಅಂದಿರಿ, ಆ ಜಾಗವನ್ನು ನಾವು ಮುಟ್ಟಲೇ ಇಲ್ಲ. ಅದಕ್ಕೆ ಮುಂಚಿನ ಎರಡು ನಿಮಿಷದಲ್ಲಿ ಒಂದೇ ವಿಷಯ ಎರಡು ಸಲ ಬಂದಿತ್ತು, ಒಂದನ್ನು ತೆಗೆದೆವು, ದೂರು ನಿಂತಿತು.

ಹಾರ್ಡ್‌ಡಿಸ್ಕ್ ಕೊಟ್ಟಿದ್ದವರು ಈ ವಾರದ ನಂತರ ಬಂದು ತೆಗೆದುಕೊಂಡು ಹೋಗಿ. ಆರ್ಕೈವ್ ಪ್ರತಿಗಳ ಚೆಕ್‌ಸಮ್ ಇನ್ನೂ ಓಡುತ್ತಿದೆ, ಅಸಿಸ್ಟೆಂಟ್ ಮೇಡಂ ಸರಿ ಅನ್ನುವವರೆಗೆ ಯಾವ ಡಿಸ್ಕನ್ನೂ ಬಿಟ್ಟುಕೊಡುವ ಹಾಗಿಲ್ಲ. ಅವರ ಮುಂದಿನ ಪ್ರಾಜೆಕ್ಟ್‌ನಲ್ಲಿ ಅವರೇ ಎಡಿಟರ್. ಒಳ್ಳೆಯ ಅಸಿಸ್ಟೆಂಟ್ ಯಾರಾದರೂ ಗೊತ್ತಿದ್ದರೆ ಅವರಿಗೆ ತಿಳಿಸಿ, ಹುಡುಕುತ್ತಿದ್ದಾರೆ.