ಕೊನೆಯ ಕಂತು ಕಟ್ಟಿ ಬಂದ ಮೇಲೆ

2020ರಲ್ಲಿ ತೋಟಕ್ಕಾಗಿ ಮಾಡಿದ್ದ ಸಾಲದ ಕೊನೆಯ ಕಂತನ್ನು ಮೊನ್ನೆ ಕಟ್ಟಿ ಬಂದೆ. ರಸೀದಿ ಕೈಗೆ ಬಂದಾಗ ಕೆಲವರ ಮುಖ ಕಣ್ಮುಂದೆ ಬಂತು. ಅವರಿಗೆ ಹೇಳಬೇಕಾದ ಮಾತು ಇನ್ನೂ ಬಾಕಿ ಇದೆ.

ಆ ವರ್ಷ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಾಗತಿಕ ಪಿಡುಗು ಎಂದು ಘೋಷಿಸಿತು. ಆಗ ನಮ್ಮ ಚಪ್ಪರದಲ್ಲಿ ದ್ರಾಕ್ಷಿ ಹಣ್ಣಾಗಿ ನಿಂತಿತ್ತು. ಬಾಳೆಯಾದರೆ ಕಾಯಿಯಲ್ಲೇ ಕೊಯ್ದು ಕಳಿಸಬಹುದು, ಆಮೇಲೆ ಹಣ್ಣಾಗುತ್ತದೆ. ದ್ರಾಕ್ಷಿ ಹಾಗಲ್ಲ. ಕೊಯ್ದ ಮೇಲೆ ಅದರ ಸಿಹಿ ಏರುವುದಿಲ್ಲ. ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟರೆ ಕಾಳು ಒಡೆದು ಬೂಷ್ಟು ಹಿಡಿಯುತ್ತದೆ.

ಮೊದಲ ಧನ್ಯವಾದ ಕೊಯ್ಲಿನ ಹೆಣ್ಣುಮಕ್ಕಳಿಗೆ. ಪ್ರತಿ ವರ್ಷ ದೂರದಿಂದ ಬರುತ್ತಿದ್ದ ತಂಡಕ್ಕೆ ಆ ಸಲ ಬರಲು ಆಗಲಿಲ್ಲ. ಹತ್ತಿರದಲ್ಲೇ ಇದ್ದ ಆರು ಜನ ಮಾತ್ರ ಬಂದರು. ಗೊಂಚಲನ್ನು ತೊಟ್ಟು ಹಿಡಿದೇ ಕತ್ತರಿಸಬೇಕು. ಬೆರಳು ತಾಗಿದರೆ ಕಾಳಿನ ಮೇಲಿನ ಬಿಳಿ ಪುಡಿ ಅಳಿಸಿಹೋಗುತ್ತದೆ. ಅದು ಪುಡಿಯಲ್ಲ, ಹಣ್ಣಿನ ನೀರು ಆರದಂತೆ ಕಾಯುವ ಮೇಣ. ಇದು ಒಂದು ದಿನದಲ್ಲಿ ಕೈಗೆ ಹತ್ತುವ ಕೆಲಸವಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒಂದೊಂದು ಸಾಲು ಬಿಟ್ಟು ನಿಂತು, ಆ ಸೆಕೆಯಲ್ಲಿ ಆರೇ ಜನ ಅಷ್ಟೂ ಮಾಡಿದರು. ಅವರ ಕೂಲಿಯನ್ನು ನಾನು ಎರಡು ತಿಂಗಳು ತಡವಾಗಿ ಕೊಟ್ಟೆ. ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊಯ್ದದ್ದನ್ನು ತುಂಬಲು ಬಾಕ್ಸ್ ಇಲ್ಲ, ಕಾರ್ಖಾನೆ ಮುಚ್ಚಿತ್ತು. ಮೊದಲು ಬಂದ ಮಾಲೇ ಹೊರಗೆ ಹೋಗದೆ ಕೋಲ್ಡ್ ಸ್ಟೋರೇಜ್ ತುಂಬಿಹೋಗಿತ್ತು. ಪ್ರಯಾಣಿಕರ ವಿಮಾನಗಳ ಕೆಳಗಿನ ಜಾಗದಲ್ಲಿ ಎಷ್ಟೊಂದು ಹಣ್ಣು ದೇಶ ದಾಟುತ್ತಿತ್ತು ಎನ್ನುವುದು ವಿಮಾನಗಳು ನಿಂತ ಮೇಲೆಯೇ ನನಗೆ ತಿಳಿದದ್ದು. ಲಾರಿಯವರೂ ಒಪ್ಪುತ್ತಿರಲಿಲ್ಲ. ವಾಪಸ್ ಬರುವಾಗ ತುಂಬಿಕೊಳ್ಳಲು ಲೋಡ್ ಸಿಗದಿದ್ದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ, ಅಲ್ವಾ? ಒಬ್ಬರು ಮಾತ್ರ ಹೊರಟರು. ದಾರಿಯಲ್ಲಿ ಒಂದು ಹೋಟೆಲೂ ತೆರೆದಿರಲಿಲ್ಲ, ಬುತ್ತಿ ಕಟ್ಟಿಕೊಂಡು ಮೂರು ಸಲ ಹೋಗಿ ಬಂದರು. ಅಣ್ಣಾ, ನಿಮ್ಮ ಉಪಕಾರ ಮರೆಯುವುದಿಲ್ಲ.

ಆದರೂ ಅರ್ಧ ತೋಟ ಹಾಗೇ ಉಳಿಯಿತು. ಸುಮ್ನೆ ಕಿತ್ತು ಗುಂಡಿಗೆ ಸುರಿಯೋಣ ಎಂದುಕೊಂಡಿದ್ದೆ. ಪಕ್ಕದ ತೋಟದ ಹಿರಿಯರು ಬೇಲಿಯಾಚೆಯಿಂದಲೇ ಕೂಗಿ ಹೇಳಿದರು, "ಸುರೀಬೇಡಪ್ಪಾ, ಒಣಗಿಸು." ಹಣ್ಣನ್ನು ದ್ರಾವಣದಲ್ಲಿ ಅದ್ದುವುದನ್ನು ಅವರೇ ಕಲಿಸಿದರು. ಅದ್ದಿದಾಗ ಅದೇ ಮೇಣದ ಪದರ ಸಡಿಲವಾಗಿ ನೀರು ಬೇಗ ಆರುತ್ತದೆ. ನೆರಳಲ್ಲಿ ಬಲೆಯ ಮೇಲೆ ಹರವಿದೆವು. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಲಾಭ ಅಂತ ಏನೂ ಬರಲಿಲ್ಲ. ಆದರೆ ದಾರಿ ತೆರೆಯುವವರೆಗೆ ಕೆಡದೆ ಕಾಯುವ ಮಾಲು ಕೈಯಲ್ಲಿತ್ತು. ಅದನ್ನು ಮಾರಿಯೇ ಮುಂದಿನ ಚಾಟನಿಯ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸದ, ಖರ್ಚು ನೀಗಿಸಿದೆ. ಅಜ್ಜಾ, ಈ ತೋಟ ಇಂದು ಉಳಿದಿರುವುದು ನಿಮ್ಮಿಂದ.

ಮುಂದಿನ ವಾರ ಕೊಯ್ಲು ಶುರು. ಅದೇ ಆರು ಜನ ಬರುತ್ತಾರೆ. ಈಗ ಕೂಲಿ ಅದೇ ದಿನ ಸಂಜೆ ಅವರ ಕೈಗೆ.