ಹನುಕ್ಕಾ ಹಾಡಿಗೆ ಮರಿಯಾಚಿ ಮೇಳ

ಮಾನ್ಯ ಸಂಪಾದಕರೇ,

ಯಹೂದಿಗಳ ದೀಪದ ಹಬ್ಬವಾದ ಹನುಕ್ಕಾದ ಹಾಡಿಗೆ ಮೆಕ್ಸಿಕೋದ ಮರಿಯಾಚಿ ಮೇಳ ಸೇರಿದರೆ ಸುಮ್ನೆ ಕಲಬೆರಕೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. 1492ರಲ್ಲಿ ಸ್ಪೇನ್ ಬಿಡಬೇಕಾದ ಯಹೂದಿಗಳು ಅಲ್ಲಿನ ಹಳೆಯ ಸ್ಪ್ಯಾನಿಷನ್ನು ಜೊತೆಗೇ ಒಯ್ದರು. ಅದರಿಂದ ಬೆಳೆದದ್ದೇ ಲಡೀನೋ. ಬಾಸ್ನಿಯಾ ಮೂಲದ ಗಾಯಕಿ ಫ್ಲೋರಿ ಜಗೋಡಾ ಎಂಟು ದೀಪಗಳ ಈ ಹಬ್ಬಕ್ಕೆ ಬರೆದ ‘ಓಚೋ ಕಾಂಡೆಲಿಕಾಸ್’ ಇದೇ ಭಾಷೆಯ ಹಾಡು. ಸ್ಪ್ಯಾನಿಷ್ ಮಾತಾಡುವ ಮೆಕ್ಸಿಕೋದ ಗಾಯಕರಿಗೆ ಅದರ ಬಹುಪಾಲು ಮಾತು ಹಾಗೇ ಅರ್ಥವಾಗುತ್ತದೆ! ಪಿಟೀಲು, ಟ್ರಂಪೆಟ್, ದಪ್ಪ ಹೊಟ್ಟೆಯ ಗಿಟಾರೋನ್ ಕೂಡಿದರೆ ಹಬ್ಬದ ಸಡಗರ ಜಾಸ್ತಿಯೇ ಆಗುತ್ತದೆ. ಆದರೆ ಟ್ರಂಪೆಟ್ ಅಬ್ಬರದಲ್ಲಿ ಲಡೀನೋ ಮಾತು ಮುಳುಗಬಾರದು, ಅಲ್ವಾ? ಈ ಡಿಸೆಂಬರ್‌ನಲ್ಲಿ ಇಂಥ ಹಾಡುಗಳ ಬಗ್ಗೆ ಒಂದು ಲೇಖನ ಪ್ರಕಟಿಸಿ.

– ಸಂಗೀತಪ್ರಿಯ ಓದುಗ, ಮೈಸೂರು