ತಿಪ್ಪೆಬಾಗಿಲು ಕಟ್ಟಿದ ಅಧಿಕಾರಿ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಗ್ರಾಮ ಪಂಚಾಯತಿಯ ಅಧ್ಯಕ್ಷಳಾಗಿ ಆಯ್ಕೆಯಾದ ಸುದ್ದಿಯನ್ನು ನಿನ್ನ ಅಪ್ಪ ಫೋನಿನಲ್ಲಿ ತಿಳಿಸಿದ ಸಂಜೆ ನಿನ್ನ ದೊಡ್ಡಮ್ಮ ಮಾತಿಲ್ಲದೆ ಒಳಗೆ ಹೋಗಿ ಮೊಣಕಾಲೂರಿ ಪ್ರಾರ್ಥನೆ ಮಾಡಿದಳು. ನಾನು ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದೆ. ಮರುದಿನ ನೀನೇ ಮಾತನಾಡಿ, ಕ್ರೈಸ್ತಳಾದವಳು ಈ ಕುರ್ಚಿಯಲ್ಲಿ ಕುಳಿತು ಊರಿನ ಮುಂದೆ ಸಾಕ್ಷಿಯಾಗಿ ಬಾಳುವುದು ಹೇಗೆ ಎಂದು ಕೇಳಿದೆ. ‘ಸೇವಕಳಂತೆ ಇರು ಮಗಳೇ’ ಎಂದಷ್ಟೇ ನಾನು ಹೇಳಿದೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಅಷ್ಟನ್ನೇ ಹೇಳಿ ಸುಮ್ಮನಾದರೆ ಒಬ್ಬ ಹೆಣ್ಣುಮಗಳಿಗೆ ಅದರಿಂದ ಕೇಡೂ ಆಗಬಹುದೆಂದು ರಾತ್ರಿ ಮಲಗಿದಾಗ ಹೊಳೆಯಿತು. ಅದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹೆಂಗಸರಿಗೆ ಸೇವೆಯ ಉಪದೇಶ ಹೊಸದಲ್ಲ. ತೊಟ್ಟಿಲಿನಿಂದಲೇ ಅದನ್ನು ಕೇಳುತ್ತಾ ಬೆಳೆದವರು ನೀವು. ಸಭೆಗೆ ಬಂದ ಸದಸ್ಯರಿಗೆ ಅಧ್ಯಕ್ಷೆಯೇ ಚಹಾ ತರಿಸಿ ಕೊಡುತ್ತಾ ನಿಂತಿರುವುದು, ಅಷ್ಟರಲ್ಲಿ ಅವಳ ಗಂಡನೋ ಮೈದುನನೋ ಗುತ್ತಿಗೆದಾರನ ಜೊತೆ ಮಾತು ಮುಗಿಸುವುದು, ಅವಳ ಡಿಜಿಟಲ್ ಸಹಿಯ ಕೀ ಇನ್ನಾರದೋ ಜೇಬಿನಲ್ಲಿ ತಿರುಗುವುದು, ಇವೆಲ್ಲವೂ ಸೇವೆ, ತಗ್ಗುವಿಕೆ, ಒಳ್ಳೆಯ ಮನೆತನದ ನಡತೆ ಎಂಬ ಹೆಸರಿನಲ್ಲಿಯೇ ನಡೆಯುತ್ತವೆ. ಆದ್ದರಿಂದ ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದು. ತಂದೆಯು ಎಲ್ಲವನ್ನೂ ತನ್ನ ಕೈಗೆ ಒಪ್ಪಿಸಿದ್ದಾನೆಂದು ಬಲ್ಲವನಾಗಿಯೇ ಯೇಸು ಊಟದಿಂದ ಎದ್ದು, ಮೇಲ್ಹೊದಿಕೆ ತೆಗೆದಿಟ್ಟು, ನಡುವಿಗೆ ಕೈಪಾವುಡ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದನು. ಯಾರ ಒತ್ತಾಯಕ್ಕೂ ಅಲ್ಲ, ಅಂಜಿಯೂ ಅಲ್ಲ. ಆಮೇಲೆ ಏನು ಮಾಡಿದನೆಂಬುದನ್ನು ನಮ್ಮ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಆತನು ಮತ್ತೆ ಬಟ್ಟೆ ಹೊದ್ದು, ತನ್ನ ಸ್ಥಳಕ್ಕೆ ಬಂದು ಕುಳಿತನು. ನೀವು ನನ್ನನ್ನು ಬೋಧಕನೆಂದೂ ಕರ್ತನೆಂದೂ ಕರೆಯುವುದು ಸರಿಯೇ ಎಂದು ಹೇಳಿ, ಅದರ ಮೇಲೆ ಆಜ್ಞೆ ಕೊಟ್ಟನು. ಕಾಲು ತೊಳೆದವನು ತನ್ನ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ನಿನ್ನ ಕುರ್ಚಿಯನ್ನು ನೀನೂ ಬಿಟ್ಟುಕೊಡಬೇಡ. ಅದರಲ್ಲಿ ಕುಳಿತುಕೋ, ನಡಾವಳಿಯನ್ನು ನೀನೇ ಓದಿಸು, ಓದಿಸಿ ತಿಳಿದುಕೊಂಡ ಮೇಲೆಯೇ ಸಹಿ ಮಾಡು. ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾದ ಪಿಡಿಓ ಸಾಹೇಬರ ಸಹಿಯ ಜೊತೆಗೆ ನಿನ್ನ ಸಹಿಯೂ ಬಿದ್ದರೆ ಮಾತ್ರ ಹಣ ಹೊರಗೆ ಹೋಗುತ್ತದೆ ಎಂಬುದನ್ನು ಮರೆಯಬೇಡ. ಈ ಮಾತನ್ನು ಅಳಿಯಂದಿರೂ ಓದಲಿ. ಅವರು ಒಳ್ಳೆಯವರೆಂದು ನನಗೆ ಗೊತ್ತಿದೆ. ಒಳ್ಳೆಯ ಗಂಡಂದಿರಿಗೇ ಈ ಎಚ್ಚರಿಕೆ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಸಹಾಯ ಮಾಡುತ್ತಾ ಮಾಡುತ್ತಾ ಅಧಿಕಾರ ಯಾವಾಗ ತಮ್ಮ ಕೈಗೆ ಬಂತೆಂಬುದು ಅವರ ಅರಿವಿಗೇ ಬಂದಿರುವುದಿಲ್ಲ.

ಇನ್ನೊಂದು ಬಗೆಯ ಸೇವಕತನವೂ ಇದೆ. ಅದು ನಿನ್ನ ಗೆಲುವಿನ ಫ್ಲೆಕ್ಸ್ ಕಟ್ಟಿಸಿದವರಿಗೆ ಚೆನ್ನಾಗಿ ಗೊತ್ತು. ಅರಸನಾಗಲು ಬಂದ ರೆಹಬ್ಬಾಮನಿಗೆ ಹಿರಿಯರು ಕೊಟ್ಟ ಸಲಹೆ ಒಂದನೆಯ ಅರಸುಗಳ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿದೆ: ಈ ದಿನ ನೀನು ಈ ಜನಕ್ಕೆ ಸೇವಕನಾದರೆ ಅವರು ಸದಾಕಾಲ ನಿನಗೆ ಸೇವಕರಾಗಿರುವರು. ಅವನು ಅದನ್ನು ತಳ್ಳಿ ಓರಗೆಯವರ ಮಾತು ಕೇಳಿ ರಾಜ್ಯದ ದೊಡ್ಡ ಪಾಲನ್ನು ಕಳೆದುಕೊಂಡನು, ನಿಜ. ಸಂಡೇಸ್ಕೂಲಿನಲ್ಲಿ ನಾನು ಈ ಕಥೆಯನ್ನು ಹಿರಿಯರ ಮಾತಿಗೆ ಬೆಲೆ ಕೊಡಬೇಕೆಂದು ಕಲಿಸಲು ಎಷ್ಟೋ ಸಲ ಬಳಸಿದ್ದೇನೆ. ಆದರೆ ಈ ವಯಸ್ಸಿನಲ್ಲಿ ಓದಿದಾಗ ಆ ಹಿರಿಯರ ಸಲಹೆಯಲ್ಲೂ ಒಂದು ಲೆಕ್ಕಾಚಾರ ಕಾಣುತ್ತದೆ. ಇಂದು ಬಗ್ಗಿದರೆ ಮುಂದೆ ಎಲ್ಲರನ್ನೂ ಬಗ್ಗಿಸಬಹುದು. ಚುನಾವಣೆಯ ಮುಂಚೆ ಮನೆಮನೆಗೆ ಬಂದು ಕೈಮುಗಿಯುವ ಸೇವೆ ಇಂಥದ್ದೇ. ಮಾರ್ಕನ ಸುವಾರ್ತೆಯಲ್ಲಿ ಶಿಷ್ಯರಾದ ಯಾಕೋಬ ಯೋಹಾನರು ಬಲಗಡೆ ಎಡಗಡೆಯ ಸ್ಥಾನ ಕೇಳಿದಾಗ ಕರ್ತನು ಹೇಳಿದ ಮಾತಿನಲ್ಲಿ ಈ ಕೊಡುಕೊಳ್ಳುವಿಕೆ ಇಲ್ಲ. ಆತನು ಸೇವೆ ಮಾಡಿಸಿಕೊಳ್ಳಲು ಬಂದವನಲ್ಲ, ಮಾಡಲು ಬಂದವನು, ಮತ್ತು ಅದರ ಕೊನೆಯಲ್ಲಿ ಪ್ರಾಣವನ್ನೇ ಕೊಟ್ಟವನು. ಮುಂದಿನ ಚುನಾವಣೆಯಲ್ಲಿ ನೀನು ಸೋತರೂ ಪರವಾಗಿಲ್ಲ ಎಂಬ ಮನಸ್ಸು ನಿನಗೆ ಈಗಲೇ ಇಲ್ಲದಿದ್ದರೆ ನಾನು ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ನಿನಗೆ ಕಷ್ಟವಾದೀತು.

ನಿನ್ನ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರವಾದ ಗ್ರಂಥ ನೆಹೆಮೀಯನದು ಎಂದು ನನಗೆ ಅನಿಸುತ್ತದೆ. ಅವನು ಯಾಜಕನಲ್ಲ, ಪ್ರವಾದಿಯಲ್ಲ, ಪಾರಸಿಯ ಅರಸನು ನೇಮಿಸಿದ ಅಧಿಪತಿ. ಅವನಿಗಿಂತ ಮೊದಲಿದ್ದ ಅಧಿಪತಿಗಳು ಜನರಿಂದ ಆಹಾರ, ದ್ರಾಕ್ಷಾರಸದ ಜೊತೆಗೆ ನಾಲ್ವತ್ತು ಬೆಳ್ಳಿ ನಾಣ್ಯಗಳನ್ನೂ ಎತ್ತುತ್ತಿದ್ದರು, ಅವರ ಆಳುಗಳೂ ಜನರ ಮೇಲೆ ದೊರೆತನ ನಡೆಸುತ್ತಿದ್ದರು ಎಂದು ಅವನು ಬರೆಯುತ್ತಾನೆ. ಅವನು ಹನ್ನೆರಡು ವರ್ಷ ಅಧಿಪತಿಗೆ ಸಲ್ಲುವ ಆ ಆಹಾರವನ್ನು ಮುಟ್ಟಲಿಲ್ಲ, ಹೊಲ ಕೊಳ್ಳಲಿಲ್ಲ. ಇದನ್ನು ನಮ್ಮ ಭಾಷೆಗೆ ತಂದರೆ ಹೀಗೆ: ನೀನು ಕೇಳದಿದ್ದರೂ ಪ್ರತಿ ಕಾಮಗಾರಿಯಲ್ಲಿ ಅಧ್ಯಕ್ಷರ ಪರ್ಸೆಂಟೇಜ್ ಎಂದು ಒಂದು ಪಾಲನ್ನು ತೆಗೆದಿಟ್ಟು ತಂದುಕೊಡುವವರು ಇದ್ದಾರೆ. ‘ಹಿಂದಿನವರೆಲ್ಲ ತೊಗೊಂಡಾರಿ, ಪದ್ಧತಿ ಐತಿ’ ಎನ್ನುತ್ತಾರೆ. ಮೊದಲನೆಯ ಸಲ ಬೇಡವೆನ್ನುವುದೇ ಕಠಿಣ. ಎರಡನೆಯ ಸಲಕ್ಕೆ ಅವರೇ ಕೇಳುವುದನ್ನು ಬಿಡುತ್ತಾರೆ. ನಿನ್ನ ಹೆಸರು ಹೇಳಿಕೊಂಡು ಕಚೇರಿಯಲ್ಲಿ ದಬಾಯಿಸುವ ನಮ್ಮ ನೆಂಟರನ್ನೂ ಅಷ್ಟೇ ಗಟ್ಟಿಯಾಗಿ ತಡೆಯಬೇಕು. ಅಧಿಪತಿಯ ಆಳುಗಳೆಂದು ನೆಹೆಮೀಯನು ಬರೆದದ್ದು ಇಂಥವರನ್ನೇ.

ಅದೇ ಗ್ರಂಥದ ಮೂರನೆಯ ಅಧ್ಯಾಯವನ್ನು ಬರಿಯ ಹೆಸರುಗಳ ಪಟ್ಟಿಯೆಂದು ಬಹಳ ಜನ ದಾಟಿಹೋಗುತ್ತಾರೆ. ಯೆರೂಸಲೇಮಿನ ಗೋಡೆಯ ಯಾವ ಭಾಗವನ್ನು ಯಾರು ಕಟ್ಟಿದರೆಂಬ ಲೆಕ್ಕ ಅದು. ಅದರಲ್ಲಿ ತೆಕೋವದ ದೊಡ್ಡ ಮನುಷ್ಯರು ಕೆಲಸಕ್ಕೆ ಕುತ್ತಿಗೆ ಕೊಡಲಿಲ್ಲವೆಂದೂ, ಬೇತ್‌ಹಕ್ಕೆರೆಮ್ ಸೀಮೆಯ ಅಧಿಕಾರಿಯಾದ ಮಲ್ಕೀಯನು ತಿಪ್ಪೆಬಾಗಿಲನ್ನು ಕಟ್ಟಿದನೆಂದೂ ಇದೆ. ಊರಿನ ಹೊಲಸೆಲ್ಲ ಹೊರಗೆ ಹೋಗುವ ಬಾಗಿಲು ಅದು. ಒಂದು ಸೀಮೆಯ ಅಧಿಕಾರಿಯ ಪಾಲಿಗೆ ಅದು ಬಂತು, ಅಥವಾ ಅವನೇ ಅದನ್ನು ಆರಿಸಿಕೊಂಡನು. ಅದಕ್ಕೆ ಕದ ನಿಲ್ಲಿಸಿ, ಅಗುಳಿ ಹಾಕಿದನು. ಅವನ ಬಗ್ಗೆ ನಮಗೆ ಗೊತ್ತಿರುವುದು ಅಷ್ಟೇ, ಒಂದೇ ವಚನ.

ಇದನ್ನು ಬರೆಯುವಾಗ ನನಗೆ ನಮ್ಮ ಪರಿಶುದ್ಧ ಗುರುವಾರದ ಆರಾಧನೆ ನೆನಪಾಗುತ್ತದೆ. ಪಾದ್ರಿ ಅಯ್ಯನವರು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಒಂದು ವರ್ಷ ಆ ಹನ್ನೆರಡರಲ್ಲಿ ನಾನೂ ಇದ್ದೆ. ಅಂದು ಮಧ್ಯಾಹ್ನ ಮನೆಯಲ್ಲಿ ಸೋಪು ಹಚ್ಚಿ, ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸಿಕೊಂಡು ಹೋಗಿದ್ದೆ. ಪಕ್ಕದಲ್ಲಿ ಕುಳಿತವರ ಕಾಲುಗಳೂ ಹಾಗೆಯೇ ಬೆಳ್ಳಗಿದ್ದವು. ತೊಳೆದ ಕಾಲಿನ ಮೇಲೆ ಹೂಜಿಯ ನೀರು ಬಿತ್ತು. ಹೊರಗೆ ಬಂದಾಗ ಗೇಟಿನ ಬಳಿ ಗಟಾರ ಬಳಿಯುತ್ತಿದ್ದ ಒಬ್ಬಾಕೆ ನಾವು ದಾಟಲೆಂದು ಸಲಿಕೆ ಹಿಡಿದು ಒತ್ತಟ್ಟಿಗೆ ಸರಿದು ನಿಂತಳು. ಮೊಣಕಾಲಿನವರೆಗೆ ಕೆಸರು, ಚಪ್ಪಲಿ ಇಲ್ಲ. ಆ ಆರಾಧನೆಯನ್ನು ನಾನು ಇಂದಿಗೂ ಪ್ರೀತಿಸುತ್ತೇನೆ, ಆದರೆ ಆ ಕಾಲುಗಳು ನನ್ನ ಕಣ್ಣಿನಿಂದ ಹೋಗಿಲ್ಲ.

ನಿನ್ನ ಪಂಚಾಯತಿಯಲ್ಲಿ ಕಸದ ಗಾಡಿ ಓಡಿಸುವ ಹೆಣ್ಣುಮಕ್ಕಳು ಇದ್ದಾರೆ, ನೀರುಗಂಟಿ ಇದ್ದಾನೆ, ಗಟಾರ ಬಳಿಯುವವರು ಇದ್ದಾರೆ. ಅವರಿಗೆ ಎಷ್ಟು ತಿಂಗಳ ಪಗಾರ ಬಾಕಿ ಇದೆಯೆಂದು ಮೊದಲ ವಾರದಲ್ಲಿಯೇ ಕೇಳು. ಕೈಗವಸು, ಗಂಬೂಟು ಪುಸ್ತಕದಲ್ಲಿ ಖರ್ಚು ಬಿದ್ದಿವೆಯೋ ಕೈಕಾಲಿಗೆ ಬಂದಿವೆಯೋ ನೀನೇ ಹೋಗಿ ನೋಡು. ಮಲದ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ನಿನ್ನ ಊರಿನಲ್ಲಿ ಯಾರಾದರೂ ದುಡ್ಡು ಕೊಟ್ಟು ಇಳಿಸುತ್ತಿದ್ದರೆ, ಅದು ಎಂಥ ದೊಡ್ಡ ಮನೆಯೇ ಆಗಿರಲಿ, ಬಾಯಿ ಬಿಟ್ಟು ತಡೆ. ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಬೇಡ. ಅವರ ಪಗಾರದ ಬಿಲ್ಲನ್ನು ಗುತ್ತಿಗೆದಾರನ ಬಿಲ್ಲಿಗಿಂತ ಮೊದಲು ಮೇಜಿನ ಮೇಲೆ ತರಿಸು. ನಿನ್ನ ತಿಪ್ಪೆಬಾಗಿಲು ಅಲ್ಲಿದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ನಮ್ಮ ಚರ್ಚಿನ ಸಭೆಯ ಕಮಿಟಿಯ ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ ವರ್ಷದ ಲೆಕ್ಕವನ್ನು ಆರಾಧನೆ ಮುಗಿದ ಮೇಲೆ ಬೇಗಬೇಗ ಓದಿ ಮುಗಿಸುತ್ತಿದ್ದೆ. ಒಮ್ಮೆ ಒಬ್ಬ ವಯಸ್ಸಾದ ವಿಧವೆ ಎದ್ದು ನಿಂತು, ಸುಗ್ಗಿಯ ಹಬ್ಬದ ಸವಾಲಿಗೆ, ಅಂದರೆ ಹರಾಜಿಗೆ, ತಾನು ತಂದುಕೊಟ್ಟ ಕುಂಬಳಕಾಯಿ ಎಷ್ಟಕ್ಕೆ ಹೋಯಿತು, ಅದು ಪಟ್ಟಿಯಲ್ಲಿ ಬರಲಿಲ್ಲವಲ್ಲ ಎಂದು ಕೇಳಿದಳು. ಜನ ನಕ್ಕರು. ನಾನು ನಗಲಿಲ್ಲ, ಆದರೆ ‘ಕೂಡ್ರಿ ಅಮ್ಮಾ, ಎಲ್ಲಾ ಸರಿ ಐತಿ’ ಎಂದು ಗದರಿದೆ. ಎರಡು ತಿಂಗಳ ಮೇಲೆ ಪುಸ್ತಕ ತಾಳೆ ನೋಡುವಾಗ ಆ ದಿನದ ಸವಾಲಿನ ಒಂದು ಇಡೀ ಹಾಳೆ ಲೆಕ್ಕಕ್ಕೆ ಸೇರದೆ ಉಳಿದಿದ್ದು ಸಿಕ್ಕಿತು. ಯಾರೂ ಕದ್ದಿರಲಿಲ್ಲ, ಹಣವೆಲ್ಲ ಡಬ್ಬಿಯಲ್ಲಿಯೇ ಇತ್ತು. ಆಕೆಯ ಮನೆಗೆ ಹೋಗಿ ಹೇಳಬೇಕೆಂದುಕೊಂಡೆ. ಇಂದು ನಾಳೆ ಎನ್ನುತ್ತಾ ಹೋಗಲಿಲ್ಲ. ಆಕೆ ಮುಂದಿನ ಸುಗ್ಗಿಯ ಹಬ್ಬವನ್ನು ಕಾಣಲಿಲ್ಲ.

ಇಸ್ರಾಯೇಲ್ಯರ ನ್ಯಾಯಾಧಿಪತಿಯಾಗಿದ್ದ ಸಮುವೇಲನು ಮುಪ್ಪಿನಲ್ಲಿ ಜನರ ಮುಂದೆ ನಿಂತು, ನಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ತೆಗೆದುಕೊಂಡೆ, ಯಾರಿಗೆ ಮೋಸಮಾಡಿದೆ, ಹೇಳಿರಿ ಎಂದು ತಾನಾಗಿಯೇ ಕೇಳಿದನು. ಸರ್ಕಾರವು ನಿಮ್ಮ ಪಂಚಾಯತಿಗಳಿಗೆ ಲೆಕ್ಕವನ್ನು ಜನರ ಮುಂದೆ ಒಪ್ಪಿಸುವ ಜಮಾಬಂದಿ ಎಂದು ಒಂದನ್ನು ಇಟ್ಟಿದೆಯಲ್ಲ, ಅದು ಸಮುವೇಲನ ಆ ಸಭೆಯೇ ಎಂದು ತಿಳಿದುಕೋ. ಕೋರಂ ತೋರಿಸಲು ಹತ್ತು ಸಹಿ ಹಾಕಿಸಿ ಮುಗಿಸಬೇಡ. ಗ್ರಾಮಸಭೆಯ ದಿನ ಡಂಗುರ ಹೊಡೆಸು, ಕೇರಿಗೂ ತಾಂಡಾಕ್ಕೂ ತಪ್ಪದೆ ಹೊಡೆಸು. ಮನೆ ಹಂಚಿಕೆಯ ಫಲಾನುಭವಿಗಳ ಹೆಸರನ್ನು ಮುಚ್ಚಿದ ಕೋಣೆಯಲ್ಲಿ ಬರೆಯದೆ ಅಲ್ಲಿಯೇ ಓದಿಸು. ಕುಂಬಳಕಾಯಿಯ ಪ್ರಶ್ನೆ ಕೇಳುವ ಮುದುಕಿಗೆ ಪೂರ್ತಿ ಮಾತನಾಡಲು ಬಿಡು.

ನಮ್ಮವರ ವಿಷಯ. ರಾಜ್ಯದ ಜನಸಂಖ್ಯೆಯಲ್ಲಿ ನಾವು ನೂರಕ್ಕೆ ಎರಡರಷ್ಟೂ ಇಲ್ಲ. ನಿನ್ನ ಊರಿನಲ್ಲಿ ಬೆರಳೆಣಿಕೆಯ ಮನೆಗಳು. ಆದ್ದರಿಂದ ನಮ್ಮವಳೊಬ್ಬಳು ಕುರ್ಚಿಗೆ ಬಂದಳೆಂದರೆ ಸ್ಮಶಾನದ ಕಾಂಪೌಂಡು, ಚರ್ಚಿನ ಮುಂದಿನ ರಸ್ತೆ ಎಂದು ಮೊದಲ ತಿಂಗಳಲ್ಲೇ ಅರ್ಜಿಗಳು ಬರುತ್ತವೆ. ಅವು ಸುಳ್ಳು ಅರ್ಜಿಗಳಲ್ಲ, ಸತ್ತವರನ್ನು ಹೂಳಲು ಜಾಗ ಬೇಕೇ ಬೇಕು. ಆದರೆ ಎಲ್ಲರ ಅರ್ಜಿಯಂತೆ ಸರತಿಯಲ್ಲಿ ಬರಲಿ, ಅದರ ಮೇಲಿನ ಚರ್ಚೆಯ ಹೊತ್ತಿಗೆ ಉಪಾಧ್ಯಕ್ಷರು ಸಭೆ ನಡೆಸಲಿ. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಎಚ್. ಸಿ. ಮುಖರ್ಜಿಯವರು ಕ್ರೈಸ್ತರು, ಮಂಗಳೂರಿನಲ್ಲಿ ಹುಟ್ಟಿದ ಜೆರೋಮ್ ಡಿಸೋಜ ಪಾದ್ರಿಗಳೂ ಆ ಸಭೆಯಲ್ಲಿದ್ದರು. ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು ಕೈಬಿಡುವ ನಿರ್ಧಾರ 1949ರ ಮೇ ತಿಂಗಳಲ್ಲಿ ಆದಾಗ ಅವರು ನಮ್ಮ ಪಾಲಿನದನ್ನು ಹಿಡಿದು ಜಗ್ಗಲಿಲ್ಲ. ನೆರೆಹೊರೆಯವರ ಮೇಲೆ ನಂಬಿಕೆ ಇಟ್ಟರು. ಅದು ದೊಡ್ಡ ಸಾಕ್ಷಿ. ಆದರೂ ಒಂದು ಅಳುಕು ನನ್ನಲ್ಲಿ ಉಳಿದಿದೆ. ಮರುವರ್ಷ, 1950ರ ಆದೇಶದಿಂದ ನಮ್ಮೊಳಗಿನ ದಲಿತರು ಪರಿಶಿಷ್ಟ ಜಾತಿಯ ಹಕ್ಕಿನಿಂದ ಹೊರಗುಳಿದರು. ಬಿಟ್ಟುಕೊಡುವುದು ಒಳ್ಳೆಯದು, ಆದರೆ ನಮ್ಮಲ್ಲಿ ಎಲ್ಲರಿಗಿಂತ ಬಡವರ ಪಾಲನ್ನು ನಾವು ಬಿಟ್ಟುಕೊಡುವುದು ಸುಲಭ. ನಿನ್ನ ಸ್ವಂತದ್ದನ್ನು ಧಾರಾಳವಾಗಿ ಬಿಡು, ಕೇರಿಯವರದ್ದನ್ನು ಬಿಡಬೇಡ.

ಜನರನ್ನು ಮತಾಂತರ ಮಾಡಿಸುತ್ತಾಳೆಂದು ಯಾರಾದರೂ ಆಡಿಕೊಂಡಾರು. ಪಂಚಾಯತಿಯ ಕಚೇರಿಯಲ್ಲಿ ನೀನು ಸುವಾರ್ತೆ ಸಾರಬೇಡ, ಕರಪತ್ರ ಇಡಬೇಡ. ಸಹಾಯ ಕೇಳಿ ಬಂದವನ ಬಡತನವನ್ನು ನಂಬಿಕೆಗೆ ಬೆಲೆಯಾಗಿ ಹಿಡಿಯುವುದು ಕರ್ತನ ಹೆಸರಿಗೇ ಅವಮಾನ. ಹಾಗೆಂದು ಯಾರಾದರೂ ಕೇಳಿದರೆ ನೀನು ಯಾರವಳೆಂದು ಹೇಳಲು ನಾಚಬೇಡ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಹೇಬರನ್ನು ಹಳ್ಳಿಯ ಜನ ‘ನೀರ್ ಸಾಬ್’ ಎಂದು ಕರೆದದ್ದು ನನಗೆ ಚೆನ್ನಾಗಿ ನೆನಪಿದೆ. ಊರೂರಿಗೆ ಬೋರ್‌ವೆಲ್ ತಂದ ಮಂತ್ರಿ ಅವರು. ಪಂಚಾಯತಿಗಳಿಗೆ ಬಲ ಕೊಟ್ಟ 1983ರ ಕಾಯ್ದೆ ಅವರ ಕಾಲದ್ದೇ, ಅದರಲ್ಲಿ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳಿದ್ದವು. ಅದು ಬೆಳೆದು ಅರ್ಧವಾದ ಮೇಲೆ ನೀನು ಕುರ್ಚಿಗೆ ಬಂದಿದ್ದೀಯೆ. ಒಬ್ಬ ಮುಸಲ್ಮಾನ ಹಿರಿಯರು ಬೇಸಾಯ ಮಾಡಿದ ಹೊಲದಲ್ಲಿ ನೀನು ಕೊಯ್ಲಿಗೆ ನಿಂತಿರುವೆ. ಸೇವೆ ನಮ್ಮ ಮತದವರ ಗುತ್ತಿಗೆಯೆಂಬ ಭಾವನೆ ಎಂದೂ ಬಾರದಿರಲಿ.

ದೊಡ್ಡಮ್ಮ ನಿನಗಾಗಿ ಒಂದು ದಪ್ಪ ನೋಟ್‌ಬುಕ್ಕನ್ನು ಕೊಂಡು ಇಟ್ಟಿದ್ದಾಳೆ, ದಿನವೂ ಬಂದವರ ಹೆಸರು ಮತ್ತು ಅವರ ಕೆಲಸವನ್ನು ಬರೆದಿಡು ಎನ್ನುತ್ತಾಳೆ. ನಿನ್ನ ಮೊದಲನೆಯ ಗ್ರಾಮಸಭೆಯ ದಿನ ಗೊತ್ತಾದ ಕೂಡಲೇ ತಿಳಿಸು. ನಾವಿಬ್ಬರೂ ಬೆಳಗಿನ ಬಸ್ಸಿಗೆ ಬರುತ್ತೇವೆ. ವೇದಿಕೆಯ ಮೇಲೆ ನಮಗೆ ಕುರ್ಚಿ ಹಾಕಿಸಬೇಡ, ಹಿಂದೆ ಜಮಖಾನದ ಮೇಲೆ ಕುಳಿತು ಕೇಳುತ್ತೇವೆ. ಆ ಗಾಡಿ ಓಡಿಸುವ ಹೆಣ್ಣುಮಕ್ಕಳ ಪಗಾರ ಎಷ್ಟು ತಿಂಗಳದ್ದು ಬಾಕಿ ಇದೆಯೆಂಬುದನ್ನು ಈ ಪತ್ರಕ್ಕೆ ಬರೆಯುವ ಉತ್ತರದಲ್ಲಿಯೇ ಬರೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ